ಹೊಲದಲ್ಲಿ ಸಿಕ್ಕ ಫ್ರಾಂಕ್ ಚಿನ್ನದ ನಾಣ್ಯ: ಓದುವುದು ಹೇಗೆ, ತಿಳಿಸುವುದು ಯಾರಿಗೆ?

ಪ್ರಶ್ನೆ: ನಾನು ಇಂಗ್ಲೆಂಡಿನ ಐಪ್ಸ್‌ವಿಚ್‌ನಲ್ಲಿ ಕೆಲಸದಲ್ಲಿದ್ದೇನೆ. ರಜೆಯ ದಿನಗಳಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಮೆಟಲ್ ಡಿಟೆಕ್ಟರ್ ಹಿಡಿದು ಹೊಲಗಳಲ್ಲಿ ಹುಡುಕುವ ಹವ್ಯಾಸ ಅಂಟಿಕೊಂಡಿದೆ. ಹೊಲದ ಮಾಲೀಕರ ಲಿಖಿತ ಒಪ್ಪಿಗೆ ಇದೆ. ಹೋದ ಶನಿವಾರ ಉತ್ತ ಮಣ್ಣಿನಲ್ಲಿ ಅಂಗಿಯ ಗುಂಡಿಯಷ್ಟು ಸಣ್ಣ ಚಿನ್ನದ ನಾಣ್ಯವೊಂದು ಸಿಕ್ಕಿತು. ಅಡ್ಡಳತೆ 13 ಮಿಲಿಮೀಟರ್, ತೂಕ 1.28 ಗ್ರಾಂ. ಒಂದು ಬದಿಯಲ್ಲಿ ಬಲಕ್ಕೆ ತಿರುಗಿದ ತಲೆ, ಇನ್ನೊಂದು ಬದಿಯಲ್ಲಿ ಶಿಲುಬೆ, ಅಂಚಿನ ಹತ್ತಿರ ಸಣ್ಣ ತೂತು ಇದೆ. ಸುತ್ತಲಿನ ಅಕ್ಷರಗಳಲ್ಲಿ ಒಂದು ಕಡೆ ‘ವಿಕ್ಕೋ ಫಿಟ್’, ಮತ್ತೊಂದು ಕಡೆ ‘ದುತ್ತಾ’ ಎಂದು ಓದಿದಂತಾಗುತ್ತದೆ. ನಮ್ಮ ದತ್ತನಿಗೂ ಇದಕ್ಕೂ ಸಂಬಂಧವುಂಟೇ? ಇದು ಯಾವ ಕಾಲದ್ದು, ಈ ಹೊಲಕ್ಕೆ ಹೇಗೆ ಬಂತು? ಒಂಟಿ ನಾಣ್ಯವಾದ್ದರಿಂದ ಯಾರಿಗೂ ತಿಳಿಸಬೇಕಾಗಿಲ್ಲ ಎಂದು ಸಹೋದ್ಯೋಗಿ ಹೇಳುತ್ತಾರೆ. ಹಾಗಿದ್ದರೆ ತೊಳೆದು ಊರಿಗೆ ತಂದು ಅಮ್ಮನಿಗೆ ಕೊಡಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಗಡುವು ಇದೆ. ನಾಣ್ಯವನ್ನು ತೊಳೆಯಬೇಡಿ, ಉಜ್ಜಬೇಡಿ, ಊರಿಗೆ ತರುವ ಮಾತನ್ನು ಸದ್ಯಕ್ಕೆ ಬಿಡಿ. ನಿಮ್ಮ ಸಹೋದ್ಯೋಗಿ ಹೇಳಿದ್ದು ಸಾಮಾನ್ಯವಾಗಿ ಸರಿಯಾದ ಮಾತೇ. ನಿಮ್ಮ ನಾಣ್ಯದ ಮಟ್ಟಿಗೆ ಮಾತ್ರ ಅದು ತಪ್ಪಾಗುವ ಸಂಭವ ಹೆಚ್ಚು, ಮತ್ತು ತಪ್ಪಾಗುವುದಕ್ಕೆ ಕಾರಣ ನೀವು ಮಾತಿನ ನಡುವೆ ತಿಳಿಸಿ ಮುಂದೆ ಹೋದ ಆ ಸಣ್ಣ ತೂತು. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ನಾಣ್ಯವನ್ನು ಓದೋಣ.

ನೀವು ಕಳಿಸಿದ ಚಿತ್ರಗಳ ಪ್ರಕಾರ ಇದು ಮೆರೋವಿಂಜಿಯನ್ ವಂಶದ ಅರಸರು ಆಳುತ್ತಿದ್ದಾಗಿನ ಫ್ರಾಂಕ್ ರಾಜ್ಯದ ಟ್ರೆಮಿಸಿಸ್. ರೋಮ್ ಸಾಮ್ರಾಜ್ಯದ ಪಶ್ಚಿಮ ಭಾಗ ಕುಸಿದ ಮೇಲೆ ಇಂದಿನ ಫ್ರಾನ್ಸ್, ಬೆಲ್ಜಿಯಂ ಮತ್ತು ರೈನ್ ನದಿಯ ಆಸುಪಾಸಿನ ನಾಡನ್ನು ಹಿಡಿದ ಫ್ರಾಂಕರು ರೋಮನ್ನರ ಹಣದ ಪದ್ಧತಿಯನ್ನು ಹಾಗೆಯೇ ಮುಂದುವರಿಸಿದರು. ಆ ಪದ್ಧತಿಯ ಮೂಲ ನಾಣ್ಯ ಸಾಲಿಡಸ್. 4ನೇ ಶತಮಾನದ ಆರಂಭದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಒಂದು ರೋಮನ್ ಪೌಂಡು ಚಿನ್ನಕ್ಕೆ 72 ರಂತೆ ಹೊಡೆಸಿದ ಈ ನಾಣ್ಯ ಸುಮಾರು ನಾಲ್ಕೂವರೆ ಗ್ರಾಂ ತೂಗುತ್ತಿತ್ತು. ಕಡಲಾಚೆಯ ವ್ಯಾಪಾರದಲ್ಲಿ ಅದು ನಮ್ಮ ನೆಲದವರೆಗೂ ಬಂದಿದೆ. ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಸಿಕ್ಕ ನಿಧಿಯಲ್ಲಿ ಇದೇ ಬಗೆಯ ಚಿನ್ನದ ನಾಣ್ಯಗಳಿದ್ದವು. ಸಾಲಿಡಸ್‌ನ ಮೂರನೇ ಒಂದು ಭಾಗವೇ ಟ್ರೆಮಿಸಿಸ್. ಫ್ರಾಂಕರ ನಾಡಿನಲ್ಲಿ 6ನೇ ಶತಮಾನದ ಕೊನೆಯ ಹೊತ್ತಿಗೆ ಹಿರಿಯ ನಾಣ್ಯ ಅಪರೂಪವಾಗಿ, ಈ ಕಿರಿಯದೇ ಚಿನ್ನದ ಹಣವೆಂದರೆ ಇದು ಎಂಬಂತೆ ನೆಲೆಯೂರಿತು.

ತೂಕದಲ್ಲಿಯೇ ಒಂದು ಸುಳಿವು ಇದೆ. ನಮ್ಮ ಅಕ್ಕಸಾಲಿಗರು ಗುಲಗಂಜಿಯಿಂದ ತೂಗುತ್ತಿದ್ದಂತೆ ರೋಮನ್ನರು ಕ್ಯಾರೊಬ್ ಮರದ ಬೀಜವನ್ನು ತೂಕದ ಬೊಟ್ಟಾಗಿ ಬಳಸಿದರು. ಅದಕ್ಕೆ ಲ್ಯಾಟಿನ್‌ನಲ್ಲಿ ಸಿಲಿಕ್ವಾ ಎಂದು ಹೆಸರು, ಅದರ ಗ್ರೀಕ್ ಹೆಸರಿನಿಂದಲೇ ನಾವು ಈಗ ಬಳಸುವ ಕ್ಯಾರಟ್ ಎಂಬ ಮಾತು ಹುಟ್ಟಿದ್ದು. ಸಾಲಿಡಸ್ 24 ಸಿಲಿಕ್ವಾ, ಟ್ರೆಮಿಸಿಸ್ 8. ಅಂದರೆ ರೋಮನ್ ಅಳತೆಯ ಟ್ರೆಮಿಸಿಸ್ ಒಂದೂವರೆ ಗ್ರಾಂ ಇರಬೇಕು. ಆದರೆ 570-580 ರ ಸುಮಾರಿಗೆ ಫ್ರಾಂಕ್ ಟಂಕಸಾಲೆಗಳು ತೂಕವನ್ನು 7 ಸಿಲಿಕ್ವಾಕ್ಕೆ, ಎಂದರೆ ಸುಮಾರು 1.3 ಗ್ರಾಂಗೆ ಇಳಿಸಿದವು. ಇಳಿಸಿದ್ದನ್ನು ಬಚ್ಚಿಡಲಿಲ್ಲ, ದಕ್ಷಿಣದ ಪ್ರೊವಾನ್ಸ್ ಪ್ರಾಂತದ ನಾಣ್ಯಗಳ ಮೇಲೆ ರೋಮನ್ ಅಂಕೆಯಲ್ಲಿ 7 ಎಂದು ಕೊರೆದೇ ಇಟ್ಟರು. ನಿಮ್ಮ 1.28 ಗ್ರಾಂ ಈ ಇಳಿದ ಅಳತೆಗೆ ಹೊಂದುತ್ತದೆ. ತೂತಿನಿಂದ ಹೋದ ಲೋಹ ಬಹಳ ಸ್ವಲ್ಪ, ಲೆಕ್ಕವನ್ನು ಅದು ಬದಲಾಯಿಸುವುದಿಲ್ಲ. ಆದ್ದರಿಂದ ನಾಣ್ಯ 570 ಕ್ಕಿಂತ ಹಿಂದಿನದಲ್ಲ ಎಂದು ಹೇಳುವುದಕ್ಕೆ ತೂಕವೊಂದೇ ಬಹುಮಟ್ಟಿಗೆ ಸಾಕು.

ಇನ್ನು ಅಕ್ಷರಗಳು. ಈ ನಾಣ್ಯಗಳಲ್ಲಿ ರಾಜನ ಹೆಸರು ಕಾಣುವುದು ಕಡಿಮೆ, ಮತ್ತು ಇದೇ ಅವುಗಳ ಅತಿ ವಿಚಿತ್ರ ಗುಣ. ಮೊದಮೊದಲು ಫ್ರಾಂಕರು ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಯ ಹೆಸರನ್ನೇ ಕೊರೆಯುತ್ತಿದ್ದರು. 534 ರ ಸುಮಾರಿಗೆ ಪಟ್ಟಕ್ಕೆ ಬಂದ ಒಂದನೇ ಥಿಯುಡೆಬರ್ಟ್ ಚಿನ್ನದ ಮೇಲೆ ಸ್ವಂತ ಹೆಸರು ಹಾಕಿಸಿದಾಗ ಚರಿತ್ರಕಾರ ಪ್ರೊಕೋಪಿಯಸ್ ಅದನ್ನು ಉದ್ಧಟತನವೆಂಬಂತೆ ಬರೆದಿಟ್ಟ. ಪಾರಸಿಕರ ದೊರೆಯೂ ಚಿನ್ನದ ಮೇಲೆ ತನ್ನ ಮುಖ ಅಚ್ಚು ಹಾಕಿಸುವುದಿಲ್ಲ ಎಂಬುದು ಅವನ ವಾದ. ಇಷ್ಟೆಲ್ಲ ಸದ್ದು ಮಾಡಿದ ಮೇಲೆ ಮುಂದಿನ ಅರಸರು ತಮ್ಮ ಹೆಸರುಗಳಿಂದ ನಾಣ್ಯಗಳನ್ನು ತುಂಬಬೇಕಾಗಿತ್ತು. ಹಾಗಾಗಲಿಲ್ಲ. 6ನೇ ಶತಮಾನ ಮುಗಿಯುವ ಹೊತ್ತಿಗೆ ಚಕ್ರವರ್ತಿಯ ಹೆಸರು ಹೋಯಿತು, ರಾಜನ ಹೆಸರು ಕೆಲವು ನಾಣ್ಯಗಳಿಗಷ್ಟೇ ಬಂತು, ಉಳಿದ ಅಪಾರ ಸಂಖ್ಯೆಯ ನಾಣ್ಯಗಳ ಮೇಲೆ ಒಂದು ಬದಿಗೆ ಊರಿನ ಹೆಸರು, ಇನ್ನೊಂದು ಬದಿಗೆ ನಾಣ್ಯ ಹೊಡೆದ ಟಂಕಕಾರನ ಹೆಸರು ಕುಳಿತವು. ಇಂಥ ಊರುಗಳ ಹೆಸರು ನೂರಾರು, ಟಂಕಕಾರರ ಹೆಸರು ಸಾವಿರಕ್ಕೂ ಮೀರಿ ಸಿಕ್ಕಿವೆ. ಪಟ್ಟಣಗಳಷ್ಟೇ ಅಲ್ಲದೆ ಕೋಟೆ, ಮಠ, ಹಳ್ಳಿ, ಜಮೀನುದಾರಿಯ ಹೆಸರುಗಳೂ ಅವುಗಳಲ್ಲಿ ಇವೆ. ಇಂದಿನ ನಕ್ಷೆಯಲ್ಲಿ ಎಲ್ಲಿವೆಯೆಂದು ಗುರುತಿಸಲಾಗದ ಊರುಗಳೂ ಇವೆ.

ನೀವು ‘ವಿಕ್ಕೋ ಫಿಟ್’ ಎಂದು ಓದಿದ್ದು ಸರಿಯಾಗಿದೆ. ಚಿತ್ರದಲ್ಲಿ ‘ವಿ’ ಅಕ್ಷರ ಎರಡು ಸಲ ಕಾಣುತ್ತದೆ. ಅದು ಅಚ್ಚು ಕೊರೆದವನ ತಪ್ಪಲ್ಲ, ಇಂಗ್ಲಿಷಿನ ಡಬ್ಲ್ಯೂ ಧ್ವನಿಗೆ ಬೇರೆ ಅಕ್ಷರವಿಲ್ಲದ ಕಾಲದ ಬರವಣಿಗೆ. ‘ಫಿಟ್’ ಎಂದರೆ ಲ್ಯಾಟಿನ್‌ನಲ್ಲಿ ‘ತಯಾರಾಗುತ್ತದೆ’. ಅಂದರೆ ‘ವಿಕ್‌ನಲ್ಲಿ ತಯಾರಾದದ್ದು’. ವಿಕ್ ಎಂಬುದು ವ್ಯಾಪಾರದ ಪೇಟೆಗೆ, ವಿಶೇಷವಾಗಿ ಹೊಳೆಯ ಮುಖದಲ್ಲಿ ಹಡಗು ತಂಗುವ ಪೇಟೆಗೆ ಇದ್ದ ಹೆಸರು. ಇಲ್ಲಿ ಅದು ಕ್ವೆಂಟೋವಿಕ್, ಎಂದರೆ ಕಾಂಶ್ ಹೊಳೆಯ ವಿಕ್. ಫ್ರಾನ್ಸಿನ ಉತ್ತರ ಕರಾವಳಿಯಲ್ಲಿ, ಎತಾಪ್ಲ್ ಪಟ್ಟಣದಿಂದ ಸ್ವಲ್ಪ ಒಳಗಿದ್ದ ಈ ಬಂದರು ಇಂಗ್ಲೆಂಡಿಗೆ ಹೋಗಿಬರುವವರ ಹೆಬ್ಬಾಗಿಲಾಗಿತ್ತು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆಗಿ ನೇಮಕಗೊಂಡು ರೋಮ್‌ನಿಂದ ಹೊರಟ ಥಿಯೋಡರ್ ಕಾಯಿಲೆ ಬಿದ್ದು ಇಲ್ಲಿಯೇ ಕೆಲಕಾಲ ತಂಗಿದ್ದನೆಂದು ಹಳೆಯ ಇಂಗ್ಲಿಷ್ ಚರಿತ್ರಕಾರ ಬೀಡ್ ಬರೆದಿದ್ದಾನೆ. ಆಮೇಲೆ ಊರು ಎಷ್ಟು ಸಂಪೂರ್ಣವಾಗಿ ಅಳಿಯಿತೆಂದರೆ, ಅದರ ನೆಲೆಯನ್ನು ಅಗೆದು ಖಚಿತಪಡಿಸಲು 1980ರ ದಶಕದವರೆಗೆ ಕಾಯಬೇಕಾಯಿತು. ನಿಮ್ಮ ಐಪ್ಸ್‌ವಿಚ್ ಎಂಬ ಹೆಸರಿನ ಕೊನೆಯ ‘ವಿಚ್’ ಕೂಡ ಇದೇ ವಿಕ್. 7ನೇ ಶತಮಾನದಲ್ಲಿ ಅದೂ ಹೊಳೆದಂಡೆಯ ಪೇಟೆಯಾಗಿಯೇ ಬೆಳೆಯಿತು. ಒಂದು ವಿಕ್‌ನ ನಾಣ್ಯ ಇನ್ನೊಂದು ವಿಕ್‌ನ ಹೊರವಲಯದ ಹೊಲದಲ್ಲಿ ಸಿಕ್ಕಿರುವುದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ.

ದುತ್ತಾ ಎಂಬುವನು ಟಂಕಕಾರ. ಕ್ವೆಂಟೋವಿಕ್‌ನ ನಾಣ್ಯಗಳಲ್ಲಿ ಅವನ ಹೆಸರು ಚೆನ್ನಾಗಿ ಪರಿಚಿತವಾದದ್ದು. ಅದೇ ಬಂದರಿನಲ್ಲಿ ಎಲಾ ಎಂಬ ಇನ್ನೊಬ್ಬನ ಹೆಸರೂ ಬರುತ್ತದೆ. ಹೆಸರಿನ ನಂತರ ಕಾಣುವ ‘ಮೋನೆಟ್’ ಎಂಬ ತುಂಡು ‘ಮೋನೆಟಾರಿಯುಸ್’ ಎಂಬುದರ ಸಂಕ್ಷೇಪ, ಅದರರ್ಥವೇ ಟಂಕಕಾರ. ನಮ್ಮ ದತ್ತನಿಗೂ ಇವನಿಗೂ ಸಂಬಂಧವಿಲ್ಲ, ಇದು ಜರ್ಮ್ಯಾನಿಕ್ ಹೆಸರು. ಕಿವಿಗೆ ಬಿದ್ದ ಹೋಲಿಕೆಯಿಂದ ಇತಿಹಾಸ ಕಟ್ಟುವ ಚಟ ನಮ್ಮಲ್ಲಿ ಸ್ವಲ್ಪ ಹೆಚ್ಚಾಗಿರುವುದರಿಂದ ಇಷ್ಟು ಖಡಾಖಂಡಿತವಾಗಿ ಹೇಳಬೇಕಾಯಿತು. ಭಾರತದ ನಂಟನ್ನೇ ಹುಡುಕುವುದಾದರೆ ಫ್ರಾಂಕರ ಒಡವೆಗಳ ಕಡೆ ನೋಡಿ: 5 ಮತ್ತು 6ನೇ ಶತಮಾನಗಳ ಅವರ ಚಿನ್ನದ ಪದಕಗಳಲ್ಲಿ ಕೂಡಿಸಿದ ಕೆಂಪು ಗಾರ್ನೆಟ್ ಹರಳುಗಳಲ್ಲಿ ಬಹಳಷ್ಟು ಭಾರತದಿಂದ ಹೋದವೆಂದು ಪ್ರಯೋಗಾಲಯದ ಪರೀಕ್ಷೆಗಳೇ ತೋರಿಸಿವೆ.

ಟಂಕಕಾರ ತನ್ನ ಹೆಸರನ್ನು ಏಕೆ ಹಾಕಿದ? ವಿದ್ವಾಂಸರಲ್ಲಿ ಇದರ ಬಗ್ಗೆ ಒಮ್ಮತವಿಲ್ಲ. ನಾನು ಒಪ್ಪುವ ವಿವರಣೆ ಇದು: ಆ ಹೆಸರು ಚಿನ್ನದ ಪರಿಶುದ್ಧತೆಗೆ ಕೊಟ್ಟ ಜಾಮೀನು, ನಮ್ಮಲ್ಲಿ ಹಳೆಯ ಒಡವೆಯ ಕೊಂಡಿಯ ಹತ್ತಿರ ಅಕ್ಕಸಾಲಿಗ ಒತ್ತುತ್ತಿದ್ದ ಮುದ್ರೆಯಂತೆ. ಇದಕ್ಕೆ ಆಧಾರವಾಗಿ ಸಂತ ಎಲಿಜಿಯಸ್‌ನ ಜೀವನಚರಿತ್ರೆಯ ಒಂದು ಪ್ರಸಂಗವನ್ನು ನೋಡಬಹುದು. ಎಲಿಜಿಯಸ್ ಸ್ವತಃ ಅಕ್ಕಸಾಲಿಗ. ಎರಡನೇ ಕ್ಲೋಥರ್ ಮತ್ತು ಒಂದನೇ ಡಾಗೊಬರ್ಟ್ ಅರಸರ ಬಳಿ ಟಂಕಕಾರನಾಗಿದ್ದು, 641 ರಲ್ಲಿ ನ್ವಾಯೋನ್‌ನ ಬಿಷಪ್ ಆದವನು. ಪ್ಯಾರಿಸ್ ಮತ್ತು ಮಾರ್ಸೇಯ ನಾಣ್ಯಗಳಲ್ಲಿ ಅವನ ಹೆಸರನ್ನು ಇಂದಿಗೂ ಓದಬಹುದು. ಲಿಮೋಜ್ ಹತ್ತಿರದ ಸೊಲಿನ್ಯಾಕ್‌ನಲ್ಲಿ ಅರಸನ ಕಂದಾಯಕ್ಕೆಂದು ಸಂಗ್ರಹಿಸಿದ ಚಿನ್ನವನ್ನು ಅರಮನೆಗೆ ಕಳಿಸುವ ಮುನ್ನ ರಾಜಾಧಿಕಾರಿಯೂ ಟಂಕಕಾರನೂ ಕುಲುಮೆಯಲ್ಲಿ ಕರಗಿಸಿ ಶುದ್ಧಿ ಮಾಡಲು ಕುಳಿತರಂತೆ. ದಿನಗಟ್ಟಲೆ ಊದಿದರೂ ಕೆಲಸ ಸಾಗಲಿಲ್ಲವಂತೆ, ಏಕೆಂದರೆ ಆ ಊರನ್ನು ಮಠ ಕಟ್ಟಲು ಎಲಿಜಿಯಸ್‌ಗೆ ಕೊಡುವುದು ದೈವಸಂಕಲ್ಪವಾಗಿತ್ತು. ಪವಾಡದ ಭಾಗವನ್ನು ಬದಿಗಿಟ್ಟರೆ ಉಳಿಯುವುದು ಆ ಕಾಲದ ದೈನಂದಿನ ವ್ಯವಹಾರ. ಹಳ್ಳಿಹಳ್ಳಿಯಿಂದ ನಾನಾ ಮಟ್ಟದ ಚಿನ್ನ ಬರುತ್ತದೆ, ಟಂಕಕಾರ ಅದನ್ನು ಕರಗಿಸಿ ಒಂದು ಮಟ್ಟಕ್ಕೆ ತಂದು ಒಪ್ಪಿಸುತ್ತಾನೆ. ಹೀಗೆ ಕಂದಾಯ, ಗೇಣಿ, ವ್ಯಾಪಾರ ಎಲ್ಲೆಲ್ಲಿ ಒಟ್ಟುಗೂಡುತ್ತಿತ್ತೋ ಅಲ್ಲೆಲ್ಲ ಒಬ್ಬ ಟಂಕಕಾರ ಬೇಕಾಗಿದ್ದ. ನೂರಾರು ಊರುಗಳ ಹೆಸರು ನಾಣ್ಯಗಳಲ್ಲಿ ಇರುವುದು ನನಗೆ ಅರ್ಥವಾಗುವುದು ಹೀಗೆ.

ಕಾಲ ನಿರ್ಣಯಕ್ಕೆ ಮುಖ್ಯವಾದದ್ದು ಚಿನ್ನದ ಮಟ್ಟ. 6ನೇ ಶತಮಾನದಲ್ಲಿ ಫ್ರಾಂಕರ ನಾಡಿಗೆ ಪೂರ್ವದಿಂದ ಚಿನ್ನ ಹರಿದು ಬರುತ್ತಿತ್ತು. ಲೊಂಬಾರ್ಡರನ್ನು ಇಟಲಿಯಿಂದ ಓಡಿಸಲು ಕಾನ್‌ಸ್ಟಾಂಟಿನೋಪಲ್‌ನ ಮಾರಿಸ್ ಚಕ್ರವರ್ತಿ ಫ್ರಾಂಕ್ ಅರಸ ಎರಡನೇ ಚೈಲ್ಡೆಬರ್ಟ್‌ಗೆ 50,000 ಸಾಲಿಡಸ್ ಕೊಟ್ಟಿದ್ದನೆಂದು ಆ ಕಾಲದ ಚರಿತ್ರಕಾರ ಟೂರ್‌ನ ಗ್ರೆಗೊರಿ ಬರೆಯುತ್ತಾನೆ. 7ನೇ ಶತಮಾನದಲ್ಲಿ ಆ ಹರಿವು ಬತ್ತಿತು. ಇದ್ದ ಚಿನ್ನವನ್ನೇ ಮತ್ತೆ ಮತ್ತೆ ಕರಗಿಸಿ, ಪ್ರತಿ ಸಲವೂ ಸ್ವಲ್ಪ ಬೆಳ್ಳಿ ಕೂಡಿಸಿ ನಾಣ್ಯ ಹೊಡೆಯುತ್ತ ಹೋದರು. 600 ರ ಸುಮಾರಿಗೆ ನೂರಕ್ಕೆ ತೊಂಬತ್ತರ ಆಸುಪಾಸಿನಲ್ಲಿದ್ದ ಚಿನ್ನದ ಅಂಶ ಶತಮಾನದ ನಡುವಿಗೆ ಅರ್ಧದ ಹತ್ತಿರ ಬಂತು, 660ರ ದಶಕ ದಾಟುವ ವೇಳೆಗೆ ಕಾಲುಭಾಗದ ಮಟ್ಟಕ್ಕೆ ಇಳಿದು ನಾಣ್ಯ ಬಿಳಿಚಿಕೊಂಡಿತು, 670ರ ದಶಕದಲ್ಲಿ ಚಿನ್ನದ ನಾಟಕವನ್ನೇ ಬಿಟ್ಟು ಡೆನಿಯೆ ಎಂಬ ಬೆಳ್ಳಿಯ ನಾಣ್ಯ ಬಂತು. ಈ ಇಳಿಜಾರಿನ ಮೇಲೆ ನಿಮ್ಮ ನಾಣ್ಯ ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಾದರೆ ಅದರ ಕಾಲ ಹತ್ತಿಪ್ಪತ್ತು ವರ್ಷಗಳ ಅಂದಾಜಿಗೆ ಸಿಗುತ್ತದೆ.

ಅದನ್ನು ಒರೆಗಲ್ಲಿಗೆ ಉಜ್ಜಿ ನೋಡುವ ಹಾಗಿಲ್ಲ. ಗೀರದೆ ನೋಡುವ ಹಳೆಯ ವಿಧಾನವೆಂದರೆ ನೀರಿನಲ್ಲಿ ತೂಗುವುದು. ಶುದ್ಧ ಚಿನ್ನ ತನ್ನಷ್ಟೇ ಗಾತ್ರದ ನೀರಿಗಿಂತ 19.3 ಪಟ್ಟು ಭಾರ, ಬೆಳ್ಳಿ 10.5 ಪಟ್ಟು. ನಿಮ್ಮ ನಾಣ್ಯ ಗಾಳಿಯಲ್ಲಿ 1.280 ಗ್ರಾಂ, ಕೂದಲೆಳೆಯಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿದಾಗ 1.200 ಗ್ರಾಂ ಬಂತೆಂದು ಇಟ್ಟುಕೊಳ್ಳಿ. ವ್ಯತ್ಯಾಸ 0.080, 1.280 ನ್ನು ಅದರಿಂದ ಭಾಗಿಸಿದರೆ 16. ಬೆರೆತಿರುವುದು ಬೆಳ್ಳಿ ಮಾತ್ರವೆಂದು ಹಿಡಿದರೆ ಚಿನ್ನ ನೂರಕ್ಕೆ 75 ರಷ್ಟು. ಆದರೆ ನೀರಿನ ತೂಕ ಓದುವಾಗ ಬರೀ 3 ಮಿಲಿಗ್ರಾಂ ಹೆಚ್ಚುಕಡಿಮೆಯಾದರೂ ಉತ್ತರ 75 ರಿಂದ 70 ಕ್ಕೆ ಜಾರುತ್ತದೆ. ತೂತಿನ ಒಳಗೆ ಒಂದು ಗಾಳಿಗುಳ್ಳೆ ಅಂಟಿಕೊಂಡರೆ ಅಷ್ಟು ತಪ್ಪು ಸಾಕು. ಅಡುಗೆಮನೆಯ ತಕ್ಕಡಿಯಲ್ಲಿ ಇದನ್ನು ಮಾಡಲು ಹೋಗಬೇಡಿ. ಚಿನ್ನದಂಗಡಿಯಲ್ಲಿ ಕ್ಷ-ಕಿರಣದ ಯಂತ್ರಕ್ಕೆ ಕೊಡುವ ಯೋಚನೆಯೂ ಬರಬಹುದು. ಆ ಯಂತ್ರ ನೋಡುವುದು ಮೇಲ್ಮೈಯನ್ನು ಮಾತ್ರ. 1,400 ವರ್ಷ ಮಣ್ಣಿನಲ್ಲಿದ್ದ ನಾಣ್ಯದ ಮೇಲ್ಪದರದಿಂದ ಬೆಳ್ಳಿ ತಾಮ್ರಗಳು ಕರಗಿ ಹೋಗಿ ಚಿನ್ನವೇ ಹೆಚ್ಚಾಗಿ ಉಳಿದಿರುತ್ತದೆ, ಹಾಗಾಗಿ ಯಂತ್ರ ಇರುವುದಕ್ಕಿಂತ ಹೆಚ್ಚಿನ ಮಟ್ಟ ತೋರಿಸುತ್ತದೆ. ಚಿತ್ರದಲ್ಲಿ ನಾಣ್ಯದ ಬಣ್ಣ ಬಿಳಿಚಿಕೊಂಡಿಲ್ಲ, ಹಾಗೆಂದು ಅಪ್ಪಟದ ಕೆಂಪುಹಳದಿಯೂ ಅಲ್ಲ. ಬಣ್ಣ, ತೂಕ, ಟಂಕಕಾರ ಮೂರನ್ನೂ ಕೂಡಿಸಿದರೆ 7ನೇ ಶತಮಾನದ ಎರಡನೇ ಕಾಲುಭಾಗ, ಎಂದರೆ 625 ರಿಂದ 650 ರ ನಡುವಣ ಕಾಲ ಎಂದು ಹೇಳುತ್ತೇನೆ. ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡುವವರು ಇದನ್ನು ತಿದ್ದಿದರೆ ಅವರ ಮಾತೇ ಸರಿ.

ಮಟ್ಟದ ಲೆಕ್ಕ ಎಷ್ಟು ದೊಡ್ಡ ಪ್ರಶ್ನೆಯನ್ನು ಬಿಡಿಸಬಲ್ಲದು ಎನ್ನುವುದಕ್ಕೆ ನಿಮ್ಮೂರಿಗೆ ಹತ್ತಿರದ ಸಟನ್ ಹೂ ಎಂಬ ಜಾಗ ಸಾಕ್ಷಿ. 1939 ರಲ್ಲಿ ಅಲ್ಲಿನ ದಿಬ್ಬದಡಿ ಹಡಗಿನ ಸಮಾಧಿ ಸಿಕ್ಕಾಗ ಅದರೊಳಗಿನ ಚೀಲದಲ್ಲಿ 37 ಫ್ರಾಂಕ್ ಟ್ರೆಮಿಸಿಸ್, ಅಚ್ಚು ಹಾಕದ 3 ಬಿಲ್ಲೆ ಮತ್ತು 2 ಪುಟ್ಟ ಗಟ್ಟಿಗಳಿದ್ದವು. 37 ರಲ್ಲಿ ಒಂದೂ ಇನ್ನೊಂದರ ಊರಿನದಲ್ಲ. ಮೊದಲಿಗೆ ನಾಣ್ಯಶಾಸ್ತ್ರಜ್ಞರು ಇವನ್ನು 650 ರ ಆಚೆಗೆ ಇಟ್ಟರು. ಆ ಲೆಕ್ಕದಲ್ಲಿ ಸುಮಾರು 625 ರಲ್ಲಿ ತೀರಿಕೊಂಡ, ಆ ನಾಡನ್ನು ಆಳಿದ ರೆಡ್ವಾಲ್ಡ್ ದೊರೆಯ ಸಮಾಧಿ ಇದಾಗಲಾರದು. ಮುಂದೆ ಒಂದೊಂದು ನಾಣ್ಯದ ಚಿನ್ನದ ಮಟ್ಟವನ್ನೂ ಅಳೆದು, ಕಾಲ ಖಚಿತವಾಗಿ ಗೊತ್ತಿರುವ ನಾಣ್ಯಗಳ ಜೊತೆ ಹೋಲಿಸಿದಾಗ ಇಡೀ ಚೀಲ 7ನೇ ಶತಮಾನದ ಮೊದಲ ಮೂರ್ನಾಲ್ಕು ದಶಕಗಳಿಗೆ ಸರಿಯಿತು, ರೆಡ್ವಾಲ್ಡ್ ಮತ್ತೆ ಚರ್ಚೆಗೆ ಬಂದ. ಫಿಲಿಪ್ ಗ್ರಿಯರ್ಸನ್ ಎಂಬ ವಿದ್ವಾಂಸರು 37 ಮತ್ತು 3 ಸೇರಿಸಿ 40 ಹುಟ್ಟುಗಾರರ ಕೂಲಿ, ಗಟ್ಟಿಗಳು ಚುಕ್ಕಾಣಿ ಹಿಡಿದವನಿಗೆ ಎಂದು ಊಹಿಸಿದರು. ಪರಲೋಕದ ಹಡಗಿಗೂ ಕೂಲಿ ಲೆಕ್ಕ ಹಾಕಿದ ಈ ಊಹೆ ನನಗೆ ಇಷ್ಟ, ಆದರೆ ಚೀಲದಲ್ಲಿನ ಎಣಿಕೆ ಬಿಟ್ಟರೆ ಅದಕ್ಕೆ ಬೇರೆ ಆಸರೆಯಿಲ್ಲ.

ನಿಮ್ಮ ನಾಣ್ಯ ಕಡಲು ದಾಟಿದ ಬಗೆ ಯಾವುದು? ದಾರಿಗಳು ಹಲವು. ಫ್ರಾಂಕ್ ರಾಜಕುಮಾರಿ ಬರ್ತಾ ಕೆಂಟ್‌ನ ದೊರೆ ಎಥೆಲ್‌ಬರ್ಟ್‌ನನ್ನು ಮದುವೆಯಾಗಿ ಬಂದಾಗ ಜೊತೆಗೆ ತನ್ನ ಬಿಷಪ್‌ನನ್ನೇ ಕರೆತಂದಳು; ಅಂಥ ಮದುವೆಗಳ ಜೊತೆ ಉಡುಗೊರೆಯ ಚಿನ್ನವೂ ಬರುತ್ತಿತ್ತು. ಇತ್ತಲಿಂದ ಅತ್ತ ಗುಲಾಮರು ಮಾರಾಟವಾಗುತ್ತಿದ್ದರು. ಹಾಗೆ ಹೋದ ಆಂಗ್ಲೋ-ಸ್ಯಾಕ್ಸನ್ (ಎಂದರೆ ಅಂದಿನ ಇಂಗ್ಲಿಷ್) ಹೆಣ್ಣುಮಗಳು ಬಾಲ್ತಿಲ್ಡ್ ಫ್ರಾಂಕ್ ಅರಸ ಎರಡನೇ ಕ್ಲೋವಿಸ್‌ನ ರಾಣಿಯೇ ಆದಳು. 1990ರ ದಶಕದ ಕೊನೆಯಲ್ಲಿ ನಾರಿಚ್ ಹತ್ತಿರದ ಪೋಸ್ಟ್‌ವಿಕ್‌ನ ಹೊಲದಲ್ಲಿ ನಿಮ್ಮಂಥ ಡಿಟೆಕ್ಟರ್ ಹವ್ಯಾಸಿಯೊಬ್ಬರಿಗೆ ಆಕೆಯ ಹೆಸರಿರುವ ಚಿನ್ನದ ಮುದ್ರೆ ಸಿಕ್ಕಿತು. ಅದು ಆ ರಾಣಿಯದೇ ಎಂದು ಪ್ರಮಾಣ ಮಾಡಲಾಗದು, ಕಾಲವಂತೂ ಕೂಡಿಬರುತ್ತದೆ. ಇವೆಲ್ಲಕ್ಕಿಂತ ದಿನನಿತ್ಯದ ಕಾರಣ ವ್ಯಾಪಾರ. ಕೆಂಟ್‌ನ ಸಮಾಧಿಗಳಲ್ಲಿ ಸಣ್ಣ ತಕ್ಕಡಿ ಮತ್ತು ಬೊಟ್ಟುಗಳು ಸಿಕ್ಕಿವೆ. ನಾಣ್ಯವನ್ನು ಎಣಿಸಿದ್ದಷ್ಟೇ ಅಲ್ಲ, ತೂಗಿಯೂ ತೆಗೆದುಕೊಳ್ಳುತ್ತಿದ್ದರು ಎಂಬುದು ಇದರಿಂದ ತಿಳಿಯುತ್ತದೆ. ಇಂಗ್ಲಿಷರು ತಮ್ಮದೇ ಚಿನ್ನದ ನಾಣ್ಯ ಹೊಡೆಯಲು ಶುರುಮಾಡಿದ್ದೂ ಫ್ರಾಂಕ್ ಮಾದರಿಯನ್ನು ನೋಡಿಕೊಂಡೇ.

ಈ ತಿಳುವಳಿಕೆ ನಮಗೆ ಬಂದದ್ದು ದೊಡ್ಡ ನಿಧಿಗಳಿಗಿಂತ ಹೊಲದಲ್ಲಿ ಚದುರಿ ಬಿದ್ದ ಒಂಟಿ ನಾಣ್ಯಗಳಿಂದ. ನಿಧಿ ಎಂದರೆ ಯಾರೋ ಬೇಕೆಂದೇ ಹೂತಿಟ್ಟದ್ದು. ಒಂಟಿ ನಾಣ್ಯ ಓಡಾಟದಲ್ಲಿ ಕೈಜಾರಿದ್ದು, ಹಾಗಾಗಿ ಜನ ಎಲ್ಲೆಲ್ಲಿ ಹಣ ಹಿಡಿದು ತಿರುಗಿದರೆಂದು ಅದೇ ತೋರಿಸುತ್ತದೆ. ಸಟನ್ ಹೂ ಇರುವಲ್ಲಿಂದ ಕೆಲವೇ ಮೈಲಿ ದೂರದ ರೆಂಡಲ್‌ಶಮ್‌ನಲ್ಲಿ ರಾತ್ರಿ ಕಳ್ಳತನದಿಂದ ಹೊಲ ಕೆದಕುವವರ ಹಾವಳಿ ತಡೆಯಲಾಗದೆ ಜಮೀನಿನ ಮಾಲೀಕರು ದೂರು ಕೊಟ್ಟ ಮೇಲೆ, 2008 ರಿಂದ ಪುರಾತತ್ತ್ವಜ್ಞರ ಮೇಲ್ವಿಚಾರಣೆಯಲ್ಲಿ ಕೆಲವೇ ಜನ ಡಿಟೆಕ್ಟರ್ ಹವ್ಯಾಸಿಗಳು ವರ್ಷಗಟ್ಟಲೆ ಆ ಹೊಲಗಳನ್ನು ಸಾಲು ಹಿಡಿದು ನಡೆದರು. ಸಿಕ್ಕ ಪ್ರತಿಯೊಂದು ಚೂರಿಗೂ ಜಾಗದ ಗುರುತು ದಾಖಲಾಯಿತು. ಫ್ರಾಂಕ್ ಚಿನ್ನ, ತೂಕದ ಬೊಟ್ಟು, ಲೋಹ ಕರಗಿಸಿದ ಉಳಿಕೆಗಳ ಚುಕ್ಕಿಗಳನ್ನು ನಕ್ಷೆಯಲ್ಲಿ ಇಟ್ಟಾಗ, ಬೀಡ್ ಅರಸರ ಊರೆಂದು ಒಂದೇ ಸಾಲಿನಲ್ಲಿ ಹೆಸರಿಸಿದ್ದ ಜಾಗ ಕಣ್ಣಿಗೆ ಕಟ್ಟುವಂತೆ ಎದ್ದುಬಂತು; ಮುಂದಿನ ಅಗೆತದಲ್ಲಿ ಅರಸರ ಸಭಾಭವನದ ನೆಲೆಯೂ ಸಿಕ್ಕಿತು. ನಿಮ್ಮ ನಾಣ್ಯದ ಮೇಲೆ ಹುಟ್ಟಿದ ಊರಿನ ಹೆಸರಿದೆ, ಅದನ್ನು ಯಾರು ಬೇಕಾದರೂ ಎಂದಾದರೂ ಓದಬಹುದು. ಬಿದ್ದ ಜಾಗ ಗೊತ್ತಿರುವುದು ನಿಮಗೊಬ್ಬರಿಗೆ.

ಜಾಗವನ್ನು ಮರೆಮಾಚಿದರೆ ಆಗುವ ನಷ್ಟಕ್ಕೆ ನಾರ್‌ಫೋಕ್‌ನ ಪಶ್ಚಿಮ ಭಾಗದಲ್ಲಿ ಸಿಕ್ಕ ನಿಧಿಯ ಕಥೆಯನ್ನೇ ನೋಡಿ. 2021 ರಲ್ಲಿ ಪ್ರಕಟವಾದ ಈ ನಿಧಿಯಲ್ಲಿ 131 ಚಿನ್ನದ ನಾಣ್ಯಗಳಿವೆ. 9 ಬೈಜಾಂಟಿಯಂನ (ಪೂರ್ವ ರೋಮನ್ ಸಾಮ್ರಾಜ್ಯದ) ಸಾಲಿಡಸ್, ಉಳಿದವುಗಳಲ್ಲಿ ಹೆಚ್ಚಿನವು ಫ್ರಾಂಕ್ ಟ್ರೆಮಿಸಿಸ್. ಆಂಗ್ಲೋ-ಸ್ಯಾಕ್ಸನ್ ಕಾಲದ ಚಿನ್ನದ ನಾಣ್ಯಗಳಲ್ಲಿ ಇಂಗ್ಲೆಂಡಿನಲ್ಲಿ ಸಿಕ್ಕ ಅತಿ ದೊಡ್ಡ ನಿಧಿ ಇದೇ. ಅದಕ್ಕೂ ಮುನ್ನ ಆ ಹಿರಿಮೆ 1828 ರಲ್ಲಿ ಹ್ಯಾಂಪ್‌ಶೈರ್‌ನ ಕ್ರಾಂಡಲ್‌ನಲ್ಲಿ ಸಿಕ್ಕು, ಈಗ ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿರುವ ನಿಧಿಯದಾಗಿತ್ತು. ನಾರ್‌ಫೋಕ್‌ನ ಒಂದೇ ಜಮೀನಿನಲ್ಲಿ ಚದುರಿದ್ದ ಈ ನಾಣ್ಯಗಳನ್ನು ಹೆಚ್ಚಿನಂಶ ಒಬ್ಬ ಹವ್ಯಾಸಿಯೇ ವರ್ಷಗಳ ಕಾಲ ಒಂದೊಂದಾಗಿ ಕಂಡು ಪ್ರಾಮಾಣಿಕವಾಗಿ ಒಪ್ಪಿಸಿದರು. ಅಲ್ಲಿಯೇ 10 ನಾಣ್ಯ ಕಂಡ ಇನ್ನೊಬ್ಬ, ಕೆಲಸದಲ್ಲಿ ಪೊಲೀಸ್ ಸಿಬ್ಬಂದಿ, ಅವು ಒಂಟಿ ನಾಣ್ಯಗಳೆಂಬಂತೆ ಬಿಂಬಿಸಿ ವ್ಯಾಪಾರಿಗೆ ಮಾರಿದ. 2017 ರಲ್ಲಿ 16 ತಿಂಗಳ ಜೈಲುಶಿಕ್ಷೆಯಾಯಿತು, ಕೆಲಸವೂ ಹೋಯಿತು.

ಅವನು ಒಂಟಿ ಎಂದು ಬಿಂಬಿಸಿದ್ದು ಏಕೆ ಎಂಬಲ್ಲಿಗೆ ನಿಮ್ಮ ಸಹೋದ್ಯೋಗಿಯ ಮಾತು ಬರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 1996 ರ ನಿಧಿ ಕಾಯ್ದೆಯ ಪ್ರಕಾರ 300 ವರ್ಷ ದಾಟಿದ, ತೂಕದಲ್ಲಿ ಶೇಕಡ 10 ರಷ್ಟಾದರೂ ಚಿನ್ನ ಬೆಳ್ಳಿ ಇರುವ ವಸ್ತುಗಳು ನಿಧಿ. ನಾಣ್ಯಗಳಿಗೆ ಮಾತ್ರ ಬೇರೆ ನಿಯಮ: ಒಂದೇ ಶೋಧದಲ್ಲಿ ಕನಿಷ್ಠ ಎರಡಾದರೂ ಇರಬೇಕು, ಒಂಟಿ ನಾಣ್ಯ ಸಾಮಾನ್ಯವಾಗಿ ನಿಧಿಯಲ್ಲ. ಆದರೆ ನಾಣ್ಯವನ್ನು ಹಿಂದೆಯೇ ಒಡವೆಯಾಗಿ ಮಾರ್ಪಡಿಸಿದ್ದರೆ ಅದು ನಾಣ್ಯದ ಲೆಕ್ಕ ಬಿಟ್ಟು ವಸ್ತುವಿನ ಲೆಕ್ಕಕ್ಕೆ ಸೇರುತ್ತದೆ. ಆಗ ಒಂದೇ ಆದರೂ ನಿಧಿಯಾಗಬಹುದು. ನಿಮ್ಮ ತೂತಿನ ಮಹತ್ವ ಇದು.

ಕಾಸಿನ ಸರ ಕಂಡು ಬೆಳೆದವರಿಗೆ ನಾಣ್ಯದ ತೂತು ಏನು ಹೇಳುತ್ತದೆಂದು ವಿವರಿಸಬೇಕಾಗಿಲ್ಲ. ಭಾರತದಲ್ಲಿ ಸಿಗುವ ರೋಮನ್ ಚಿನ್ನದ ನಾಣ್ಯಗಳಲ್ಲಿಯೂ ಕೊರಳಿಗೆ ಹಾಕಿಕೊಳ್ಳಲು ಹೀಗೆ ತೂತು ಮಾಡಿದವು ಎಷ್ಟೋ ಇವೆ. ನಿಮ್ಮ ಚಿತ್ರಗಳಲ್ಲಿ ನಾನು ಹೆಚ್ಚು ಹೊತ್ತು ನೋಡಿದ್ದು ತೂತು ಎಲ್ಲಿದೆ ಎಂಬುದನ್ನು. ತೂತನ್ನು ಮೇಲಕ್ಕೆ ಹಿಡಿದರೆ ಶಿಲುಬೆ ನೆಟ್ಟಗೆ ನಿಲ್ಲುತ್ತದೆ, ಅದರ ಮೇಲ್ತೋಳು ಸರಿಯಾಗಿ ತೂತಿನ ಕೆಳಗೆ ಬರುತ್ತದೆ. ಮಗುಚಿದರೆ ತಲೆ ಹಿಂದಕ್ಕೆ ವಾಲಿ ಆಕಾಶ ನೋಡುತ್ತದೆ. ತೂತು ಮಾಡಿದವರು ಯಾವ ಮುಖವನ್ನು ಲೋಕಕ್ಕೆ ತೋರಿಸಬೇಕೆಂದು ಯೋಚಿಸಿಯೇ ಮಾಡಿದ್ದಾರೆ. ಪೂರ್ವ ಇಂಗ್ಲೆಂಡ್ ಕ್ರೈಸ್ತ ಮತಕ್ಕೆ ತಿರುಗುತ್ತಿದ್ದ ಆ ದಶಕಗಳಲ್ಲಿ ಇದನ್ನು ಧರಿಸಿದವರಿಗೆ ಕ್ವೆಂಟೋವಿಕ್ ಆಗಲಿ ದುತ್ತಾ ಆಗಲಿ ಬೇಕಾಗಿರಲಿಲ್ಲ, ಶಿಲುಬೆ ಬೇಕಾಗಿತ್ತು ಎಂದು ನನಗನ್ನಿಸುತ್ತದೆ. ತೂತಿನ ಮೇಲಂಚು ದಾರ ತೀಡಿ ತೆಳ್ಳಗಾಗಿರುವುದೂ ಕಾಣುತ್ತದೆ. ಅಂದರೆ ಬಹುಕಾಲ ಕೊರಳಲ್ಲಿತ್ತು. ತೊಳೆಯಬೇಡಿ ಎಂದದ್ದು ಮುಖ್ಯವಾಗಿ ಈ ಅಂಚಿಗಾಗಿ. ಹಿಂದೊಮ್ಮೆ ಪರಿಚಿತರೊಬ್ಬರು ಇಂಥದ್ದೇ ಹಳೆಯ ಚಿನ್ನದ ಕಾಸನ್ನು ಹುಣಸೆಹಣ್ಣು ಬೂದಿ ಹಾಕಿ ಉಜ್ಜಿ, ಥಳಥಳಿಸುವಂತೆ ಮಾಡಿ ತಂದು ನನ್ನ ಕೈಗಿಟ್ಟರು. ಸವೆತ ಹಳೆಯದೋ ಅವರದೋ ಎಂದು ಹೇಳುವ ದಾರಿಯೇ ಮುಚ್ಚಿಹೋಗಿತ್ತು.

ಈಗ ಮಾಡಬೇಕಾದದ್ದು. ನಿಮ್ಮ ಕೌಂಟಿಯಲ್ಲಿ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ಗೆ ಸೇರಿದ ಫೈಂಡ್ಸ್ ಲಿಯೇಸಾನ್ ಅಧಿಕಾರಿ ಇರುತ್ತಾರೆ. 1997 ರಲ್ಲಿ ಆರಂಭವಾದ ಈ ವ್ಯವಸ್ಥೆ ಇಂಥ ಶೋಧಗಳನ್ನು ದಾಖಲಿಸುವುದಕ್ಕೆಂದೇ ಇರುವುದು. ಅವರ ಮೂಲಕ ಕರೋನರ್‌ಗೆ, ಎಂದರೆ ನಿಧಿಯ ವಿಚಾರಣೆ ನಡೆಸುವ ಅಧಿಕಾರಿಗೆ, ವರದಿ ಹೋಗಬೇಕು. ಸಿಕ್ಕ ದಿನದಿಂದ, ಅಥವಾ ಅದು ನಿಧಿಯಾಗಿರಬಹುದೆಂದು ನಿಮಗೆ ತಿಳಿದ ದಿನದಿಂದ 14 ದಿನಗಳ ಒಳಗೆ. ಈ ಉತ್ತರ ಓದಿದ ಮೇಲೆ ತಿಳಿದಿರಲಿಲ್ಲ ಎನ್ನಲು ಬಾರದು. ವರದಿ ಮಾಡದಿರುವುದು ಮೂರು ತಿಂಗಳವರೆಗಿನ ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧ. ನಿಧಿಯೆಂದು ತೀರ್ಮಾನವಾಗಿ ಮ್ಯೂಸಿಯಂ ಒಂದು ಕೊಳ್ಳಲು ಮುಂದೆ ಬಂದರೆ ಸ್ವತಂತ್ರ ಸಮಿತಿ ಮಾರುಕಟ್ಟೆ ಬೆಲೆ ಗೊತ್ತುಮಾಡುತ್ತದೆ, ಅದು ವಾಡಿಕೆಯಂತೆ ನಿಮಗೂ ಹೊಲದ ಮಾಲೀಕರಿಗೂ ಸಮಪಾಲಾಗುತ್ತದೆ. ಯಾವ ಮ್ಯೂಸಿಯಂಗೂ ಬೇಡವಾದರೆ ನಾಣ್ಯ ಮರಳಿ ಬರುತ್ತದೆ. ತೂತಿಲ್ಲದ ಒಳ್ಳೆಯ ಟ್ರೆಮಿಸಿಸ್‌ಗಳು ಹರಾಜಿನಲ್ಲಿ ಕೆಲವು ಸಾವಿರ ಪೌಂಡ್‌ಗೆ ಹೋಗುತ್ತವೆ. ಸಂಗ್ರಾಹಕರು ತೂತಿರುವುದಕ್ಕೆ ಕಡಿಮೆ ಕೊಡುತ್ತಾರೆ. ಇತಿಹಾಸಕಾರನ ಲೆಕ್ಕ ಇದಕ್ಕೆ ಉಲ್ಟಾ.

ಅಮ್ಮನಿಗೆ ಕೊಡುವ ವಿಚಾರ: ನಾಣ್ಯ ಕೊನೆಗೆ ನಿಮ್ಮ ಕೈಗೇ ಬಂದರೂ, ಬ್ರಿಟನ್ನಿನ ನೆಲದಲ್ಲಿ ಸಿಕ್ಕ ಪುರಾತನ ವಸ್ತುವನ್ನು ದೇಶದಿಂದ ಹೊರಗೆ ಒಯ್ಯಲು ರಫ್ತು ಪರವಾನಗಿ ಬೇಕು. ಕೇಳುವುದರಲ್ಲಿ ತಪ್ಪಿಲ್ಲ, ಕೇಳದೆ ಚೀಲದಲ್ಲಿ ಹಾಕಿಕೊಂಡು ವಿಮಾನ ಹತ್ತುವುದು ತಪ್ಪು. ಇನ್ನೊಂದು ಎಚ್ಚರಿಕೆ: ನಾಣ್ಯದ ತವರು ನೋಡುವ ಆಸೆಯಿಂದ ಕ್ವೆಂಟೋವಿಕ್ ಕಡೆ ಹೋಗುವಿರಾದರೆ ಡಿಟೆಕ್ಟರ್ ಮನೆಯಲ್ಲಿಯೇ ಇರಲಿ. ಫ್ರಾನ್ಸಿನಲ್ಲಿ ಸರ್ಕಾರದ ಅನುಮತಿಯಿಲ್ಲದೆ ಪುರಾತನ ವಸ್ತುಗಳಿಗಾಗಿ ಅದನ್ನು ಬಳಸುವುದನ್ನು 1989 ರ ಕಾನೂನು ನಿಷೇಧಿಸಿದೆ. ರಜೆಗೆ ಊರಿಗೆ ಬಂದಾಗಲೂ ಅಷ್ಟೇ, ಕರ್ನಾಟಕದಲ್ಲಿ ನಿಧಿಗೆ 1962 ರ ಪ್ರತ್ಯೇಕ ಕಾಯ್ದೆಯಿದೆ.

ಅಧಿಕಾರಿಯನ್ನು ಕಾಣುವವರೆಗೆ ನಾಣ್ಯವನ್ನು ಮಣ್ಣಿನ ಸಮೇತ ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಅಲುಗದಂತೆ ಮೆತ್ತನೆಯ ಕಾಗದದ ನಡುವೆ ಇಡಿ. ಸಿಕ್ಕ ಜಾಗದ ಗುರುತನ್ನು ಫೋನಿನಲ್ಲಿ ಹಿಡಿದಿದ್ದರೆ ಅದರ ಅಂಕಿಗಳನ್ನು ಕಾಗದಕ್ಕೂ ಬರೆದುಕೊಳ್ಳಿ. ಹಿಡಿದಿಲ್ಲವಾದರೆ ನೆನಪು ಮಾಸುವ ಮುನ್ನ ಹೊಲಕ್ಕೆ ಹೋಗಿ ನಿಂತು ಹಿಡಿಯಿರಿ, ಎಷ್ಟು ಆಳದಲ್ಲಿತ್ತು ಎಂಬುದನ್ನೂ ಬರೆಯಿರಿ. ಅದೇ ಜಾಗದ ಸುತ್ತ ಮತ್ತೊಂದು ನಾಣ್ಯದ ಸದ್ದು ಬಂದರೆ, ಅಥವಾ ಮಣ್ಣಿನಲ್ಲಿ ಮೂಳೆ, ಮಣಿ, ಕಂಚಿನ ಕೊಂಡಿ ಕಂಡರೆ, ಕೊರಳಿನ ಒಡವೆ ಬಿದ್ದದ್ದು ಹೊಲದಲ್ಲಲ್ಲ, ಸಮಾಧಿಯಲ್ಲಿ ಎಂದಾಗಬಹುದು. ಆಗ ಸಲಿಕೆ ಕೆಳಗಿಟ್ಟು, ತೋಡಿದ್ದನ್ನು ಹಾಗೆಯೇ ಬಿಟ್ಟು, ಅಲ್ಲಿಂದಲೇ ಅಧಿಕಾರಿಗೆ ಫೋನ್ ಮಾಡಿ.